ಭಾಷಾಂತರಕಾರರ ಊರು

ಚೀನಾದೇಶದ ಶಿಯಾನ್ ನಗರಕ್ಕೆ ಹೋಗಿಬಂದೆನೆಂದು ಹೇಳಿದರೆ ಸ್ನೇಹಿತರು ಮೊದಲು ವಿಚಾರಿಸುವುದು ಮಣ್ಣಿನ ಸೈನಿಕರನ್ನು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಕಣ್ಣಿಗೆ ಬಿದ್ದ ಆ ಸುಟ್ಟಮಣ್ಣಿನ ಸೇನೆ ಜಗತ್ಪ್ರಸಿದ್ಧವಾದುದು. ನಾನೂ ನೋಡಿದೆ, ಬೆರಗಾದೆ. ಆದರೆ ಅದಿರುವುದು ಊರಿನಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಸತ್ತ ಚಕ್ರವರ್ತಿಯೊಬ್ಬನ ಕಾವಲಿಗೆ. ಈ ಹೊತ್ತು ನಾನು ಹೇಳಹೊರಟಿರುವುದು ಊರೊಳಗೆ ಮತ್ತು ಊರ ಅಂಚಿನಲ್ಲಿ ಕಾಲ್ನಡಿಗೆಯಿಂದ ಕಂಡ ಕೆಲವು ಸ್ಥಳಗಳನ್ನು ಕುರಿತು. ಇವುಗಳಲ್ಲಿ ಹೆಚ್ಚಿನವು ಪ್ರವಾಸಿಗಳ ಪಟ್ಟಿಯಲ್ಲಿ ಕೊನೆಗೆ ಬರುವಂಥವು, ಇಲ್ಲವೇ ಬಾರದೆ ಇರುವಂಥವು. ಇವನ್ನೆಲ್ಲ ಒಂದೇ ಎಳೆಯಲ್ಲಿ ಪೋಣಿಸುವ ಸಂಗತಿಯೊಂದಿದೆ. ಒಂದಾನೊಂದು ಕಾಲದಲ್ಲಿ ಈ ಜಾಗಗಳಲ್ಲಿ ಜನ ಸಾಲಾಗಿ ಕುಳಿತು ಭಾಷಾಂತರ ಮಾಡಿದರು.

ಹ್ಯೂಯೆನ್‌ತ್ಸಾಂಗನ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಷ್ವಾನ್‌ಜಾಂಗ್ ಎಂದು ಇಂದಿನ ಚೀನೀಯರು ಉಚ್ಚರಿಸುತ್ತಾರೆ. ನಾನು ಶಾಲೆಯ ಪುಸ್ತಕದ ಹೆಸರನ್ನೇ ಇಟ್ಟುಕೊಳ್ಳುತ್ತೇನೆ. ಹರ್ಷನ ಆಸ್ಥಾನಕ್ಕೆ ಬಂದ, ನಳಂದದಲ್ಲಿ ಓದಿದ, ನಮ್ಮ ಪುಲಕೇಶಿಯ ರಾಜ್ಯವನ್ನು ಕಂಡ, ಹಿಂದಿರುಗಿದ: ಇಷ್ಟು ನಮಗೆ ಗೊತ್ತು. ಬಂದುಹೋದ ಅತಿಥಿಯಾಗಿ ಅವನನ್ನು ಬಲ್ಲೆವು. ಮನೆಗೆ ಮರಳಿದ ಮೇಲೆ ಅವನೇನು ಮಾಡಿದ ಎಂದು ನಾವು ಕೇಳಿದವರಲ್ಲ. ಪ್ರಯಾಣದಲ್ಲಿ ಕಳೆದದ್ದಕ್ಕಿಂತ ಹೆಚ್ಚು ಕಾಲ, 645ರಿಂದ 664ರಲ್ಲಿ ಸಾಯುವವರೆಗೆ, ಅವನು ತಾನು ತಂದ ಗ್ರಂಥಗಳ ಮುಂದೆ ಕುಳಿತಿದ್ದ. ಅವನು ಕುಳಿತ ಊರನ್ನು ನೋಡಬೇಕೆಂಬ ಆಸೆಯಿಂದಲೇ ನಾನು ಅಲ್ಲಿಗೆ ಹೋದದ್ದು.

ಆದರೆ ಆ ಊರು ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಚಾಂಗ್‌ಆನ್, ಅಂದರೆ 'ಚಿರಶಾಂತಿ', ಎಂದು ಹೆಸರಾಗಿದ್ದ ತಾಂಗ್ ವಂಶದ ರಾಜಧಾನಿ ಆ ಕಾಲದ ಭೂಮಂಡಲದಲ್ಲಿಯೇ ಅತಿ ದೊಡ್ಡ ನಗರಗಳಲ್ಲೊಂದು. ಕೋಟೆಯೊಳಗಿನ ವಿಸ್ತಾರ 84 ಚದರ ಕಿಲೋಮೀಟರು. ಚದುರಂಗದ ಹಾಸಿನಂತೆ ನೂರಕ್ಕೂ ಮಿಕ್ಕ ಕೇರಿಗಳು. ನಡುವಣ ರಾಜಬೀದಿಯ ಅಗಲ ಸುಮಾರು 150 ಮೀಟರು. 904ರಲ್ಲಿ ಜೂ ವೆನ್ ಎಂಬ ದಂಡನಾಯಕ ಚಕ್ರವರ್ತಿಯನ್ನು ಬಲವಂತವಾಗಿ ಲುವೋಯಾಂಗಿಗೆ ಸಾಗಿಸಿದ. ಹೋಗುವಾಗ ಅರಮನೆಗಳನ್ನೂ ಮನೆಗಳನ್ನೂ ಬಿಚ್ಚಿಸಿ, ಮರಮುಟ್ಟುಗಳನ್ನು ವೇ ನದಿಯಲ್ಲಿ ತೇಲಿಬಿಟ್ಟು ಒಯ್ದ. ಮರದಲ್ಲಿ ಕಟ್ಟಿದ ಊರು ಮರವಾಗಿಯೇ ಹೊಳೆಯ ಪಾಲಾಯಿತು. ಇಂದು ಪ್ರವಾಸಿಗಳು ಹತ್ತಿ ಸುತ್ತುವ ಭವ್ಯವಾದ ಕೋಟೆ 1370ರ ದಶಕದ್ದು, ಮಿಂಗ್ ಕಾಲದ್ದು. ಅದರ ಸುತ್ತಳತೆ ಹದಿನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ತಾಂಗ್ ಕೋಟೆಯದಾದರೆ ಮೂವತ್ತಾರಕ್ಕೂ ಹೆಚ್ಚು. ಹೀಗಾಗಿ ಹಳೆಯ ಚಾಂಗ್‌ಆನನ್ನು ಹುಡುಕುವವನು ಕೋಟೆಯನ್ನು ಬಿಟ್ಟು ಹೊರಗೆ, ದಕ್ಷಿಣಕ್ಕೆ ನಡೆಯಬೇಕು. ಬಸ್ಸು ಹತ್ತಿದರೆ ಒಂದು ಪ್ರೇಕ್ಷಣೀಯ ಸ್ಥಳದಿಂದ ಇನ್ನೊಂದಕ್ಕೆ ಹೋಗಿ ಇಳಿಯುತ್ತೇವೆ. ನಡುವೆ ಎಷ್ಟು ದೂರ ಬರಿಯ ನೆಲ ಇದೆ, ಆ ಊರು ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಕಾಲೇ ಹೇಳಬೇಕು.

ಕೋಟೆಯ ದಕ್ಷಿಣ ಬಾಗಿಲಿನ ಒಳಗೆ ಗೋಡೆಗೆ ಒತ್ತಿಕೊಂಡು ಪೂರ್ವಕ್ಕೆ ಹೋಗುವ ಬೀದಿಯೊಂದಿದೆ. ಕುಂಚ, ಮಸಿ, ಕಾಗದಗಳ ಅಂಗಡಿಗಳು ಎರಡೂ ಬದಿಗೆ. ಬೀದಿ ಕೊನೆಗೆ ತಲಪುವುದು ಬೇಲಿನ್ ಎಂಬ ಸಂಗ್ರಹಾಲಯಕ್ಕೆ. 'ಶಿಲಾಶಾಸನಗಳ ಕಾಡು' ಎಂದು ಅರ್ಥ. 1087ರಿಂದ ನಡೆದುಬಂದಿರುವ ಸಂಗ್ರಹ ಇದು. ಒಳಗೆ ಹೋದರೆ ಹೆಸರು ಉತ್ಪ್ರೇಕ್ಷೆಯಲ್ಲವೆಂದು ತಿಳಿಯುತ್ತದೆ. ಮೊದಲಿಗೆ ಕಾಣುವುದು 837ರಲ್ಲಿ ಮುಗಿದ ಕಲ್ಲಿನ ಗ್ರಂಥಾಲಯ: ಕನ್‌ಫ್ಯೂಷಿಯಸ್ ಪರಂಪರೆಯ ಹನ್ನೆರಡು ಶಾಸ್ತ್ರಗ್ರಂಥಗಳು, 114 ಕಲ್ಲುಗಳು, ಎರಡೂ ಮುಖಗಳಲ್ಲಿ ಆರೂವರೆ ಲಕ್ಷ ಅಕ್ಷರಗಳು. ನಕಲುಗಾರರ ಕೈತಪ್ಪಿನಿಂದ ಪಾಠ ಕೆಡದಿರಲೆಂದು ಮಾಡಿದ್ದು. ಗ್ರಂಥಸಂಪಾದನೆಯ ಪಾಠ ಹೇಳಿ ಕಣ್ಣು ಸವೆಸಿಕೊಂಡ ನನ್ನಂಥವನಿಗೆ ಅದೊಂದು ಪುಣ್ಯಕ್ಷೇತ್ರ. ಅಲ್ಲಿ ಕಲ್ಲುಗಳ ಮೇಲೆ ಒದ್ದೆ ಕಾಗದ ಹೊದಿಸಿ, ಮಸಿಯ ಗಂಟಿನಿಂದ ತಟ್ಟಿ ಅಚ್ಚು ತೆಗೆಯುವ ಸದ್ದು ಕೇಳಿಸುತ್ತದೆ. ನಮ್ಮ ಶಾಸನ ವಿದ್ವಾಂಸರು ಪಡಿಯಚ್ಚು ತೆಗೆಯುವ ರೀತಿಯೇ ಅದು.

ನಾನು ಹುಡುಕಿಕೊಂಡು ಹೋದದ್ದು ಬೇರೆ ಎರಡು ಕಲ್ಲುಗಳನ್ನು. ಎರಡೂ 781ನೆಯ ಇಸವಿಯವು. ಒಂದು, ಅಮೋಘವಜ್ರ ಎಂಬ ಬೌದ್ಧಾಚಾರ್ಯನ ಸ್ಮಾರಕ. ಅವನ ಮಾತು ಮುಂದೆ ಬರುತ್ತದೆ. ಇನ್ನೊಂದು ಪೂರ್ವ ಕ್ರೈಸ್ತ ಸಂಪ್ರದಾಯದವರು ನೆಟ್ಟ ಕಲ್ಲು, ಎರಡೂಮುಕ್ಕಾಲು ಮೀಟರಿಗಿಂತ ಎತ್ತರ. ತಲೆಯ ಮೇಲೆ ಶಿಲುಬೆ; ಶಿಲುಬೆಯ ಕೆಳಗೆ ಬೌದ್ಧರ ಕಮಲ. ಅಲೋಪೆನ್ ಎಂಬ ಪಾದ್ರಿ 635ರಲ್ಲಿ ಚಾಂಗ್‌ಆನಿಗೆ ಬಂದ ವೃತ್ತಾಂತವನ್ನು ಚೀನೀ ಭಾಷೆಯಲ್ಲಿ ಹೇಳಿ, ಬದಿಗಳಲ್ಲಿ ಪಾದ್ರಿಗಳ ಹೆಸರುಗಳನ್ನು ಸಿರಿಯಾಕ್ ಲಿಪಿಯಲ್ಲಿ ಕೆತ್ತಿದ್ದಾರೆ. ಕೇರಳದ ಸಿರಿಯನ್ ಕ್ರೈಸ್ತರು ಆರಾಧನೆಗೆ ಇಟ್ಟುಕೊಂಡು ಬಂದ ಭಾಷೆಯೇ ಈ ಸಿರಿಯಾಕ್. ಕಲ್ಲಿನ ಬರಹಗಾರ ಆಡಮ್, ಚೀನೀ ಹೆಸರು ಜಿಂಗ್‌ಜಿಂಗ್.

ಈ ಆಡಮನ ಬಗ್ಗೆ ಬೌದ್ಧರ ಗ್ರಂಥಸೂಚಿಯೊಂದರಲ್ಲಿ ಸ್ವಾರಸ್ಯವಾದ ದಾಖಲೆಯಿದೆ. 780ರ ದಶಕದಲ್ಲಿ ಭಾರತದ ವಾಯವ್ಯ ಗಡಿಯ ಕಡೆಯಿಂದ ಪ್ರಜ್ಞ ಎಂಬ ಭಿಕ್ಷು ಚಾಂಗ್‌ಆನಿಗೆ ಬಂದ. ಅವನೂ ಆಡಮನೂ ಕೂಡಿ ಷಟ್ಪಾರಮಿತೆಗಳ ಮೇಲಿನ ಒಂದು ಸೂತ್ರಗ್ರಂಥವನ್ನು ಮಧ್ಯ ಏಷ್ಯದ ಭಾಷೆಯೊಂದರ ಪ್ರತಿಯಿಂದ ಚೀನೀ ಭಾಷೆಗೆ ತಿರುಗಿಸಿದರು. ಪ್ರಜ್ಞನಿಗೆ ಆ ಭಾಷೆ ಬಾರದು, ಚೀನೀ ಭಾಷೆಯೂ ಆಗಿನ್ನೂ ಬಾರದು. ಆಡಮನಿಗೆ ಸಂಸ್ಕೃತ ಬಾರದು, ಬೌದ್ಧಮತವೂ ತಿಳಿಯದು. ಚಕ್ರವರ್ತಿ ಅದನ್ನು ನೋಡಿ, ಅರ್ಥ ಅಸ್ಪಷ್ಟವೆಂದು ತಿರಸ್ಕರಿಸಿದ. ಪಾದ್ರಿ ತನ್ನ ಮತವನ್ನು ಬೋಧಿಸಲಿ, ಭಿಕ್ಷು ತನ್ನದನ್ನು ಬೋಧಿಸಲಿ ಎಂಬುದು ತೀರ್ಪಿನ ಸಾರಾಂಶ. ಚಕ್ರವರ್ತಿ ಹೇಳಿದ್ದು ನ್ಯಾಯವೇ. ಆದರೂ ನನ್ನ ಮನಸ್ಸು ನಿಂತದ್ದು ಆ ಇಬ್ಬರ ಸಾಹಸದ ಮೇಲೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಇಬ್ಬರು ಪರದೇಶಿಗಳು ಒಂದೇ ಮಣೆಯ ಮುಂದೆ ಕೂತು ಮೂರನೆಯವರ ಭಾಷೆಯಲ್ಲಿ ಬರೆಯಲು ಹೊರಟದ್ದು ಎಂಥ ಊರಿನಲ್ಲಿ ಸಾಧ್ಯ, ನೀವೇ ಯೋಚಿಸಿ. ಪ್ರಜ್ಞ ಮುಂದೆ ಚೀನೀ ಕಲಿತು, ಒಡ್ರದೇಶದ, ಎಂದರೆ ಒರಿಸ್ಸಾದ, ರಾಜ ಕಳುಹಿಸಿಕೊಟ್ಟ ಗಂಡವ್ಯೂಹ ಗ್ರಂಥವನ್ನು ನಲವತ್ತು ಸಂಪುಟಗಳಲ್ಲಿ ಭಾಷಾಂತರಿಸಿ ಕೀರ್ತಿವಂತನಾದ.

ಕೋಟೆಯಿಂದ ದಕ್ಷಿಣಕ್ಕೆ ಅರ್ಧ ಗಂಟೆ ನಡೆದರೆ ಚಿಕ್ಕ ಹಂಸಗೋಪುರ ಸಿಗುತ್ತದೆ. ಕಾಡುಬಾತಿನ ಗೋಪುರ ಎಂಬುದು ನಿಜವಾದ ಅರ್ಥ. ಕಾಡುಬಾತು ಎಂದರೆ ನಮ್ಮ ಕಿವಿಗೆ ಗೋಪುರದ ಗಾಂಭೀರ್ಯ ಹೋಗಿಬಿಡುತ್ತದೆ, ಆದ್ದರಿಂದ ಹಂಸವೆನ್ನೋಣ. ದೊಡ್ಡ ಹಂಸಗೋಪುರದಲ್ಲಿ ಜಾತ್ರೆಯ ಜನ. ಇಲ್ಲಿ ಮರದ ನೆರಳು, ಮುದುಕರ ವ್ಯಾಯಾಮ. ಅರಮನೆಯ ಹೆಂಗಸರು ಹಣ ಕೂಡಿಸಿ 707ರಿಂದ 709ರೊಳಗೆ ಕಟ್ಟಿಸಿದ ಇಟ್ಟಿಗೆಯ ಗೋಪುರ ಇದು, 43 ಮೀಟರು ಎತ್ತರ. ಮೊದಲು ಹದಿನೈದು ಅಂತಸ್ತು, ಈಗ ಹದಿಮೂರು. ಊರವರು ಹೇಳುವ ಕಥೆ ಹೀಗಿದೆ: 1487ರ ಭೂಕಂಪದಲ್ಲಿ ಗೋಪುರ ಮೇಲಿಂದ ಕೆಳಗಿನವರೆಗೆ ಸೀಳಿತು, 1521ರ ಭೂಕಂಪದಲ್ಲಿ ಆ ಸೀಳು ಒಂದೇ ರಾತ್ರಿಯಲ್ಲಿ ಕೂಡಿಕೊಂಡಿತು. ಕಥೆಯೆಂದೆ, ಆದರೆ ಹದಿನಾರನೆಯ ಶತಮಾನದ ಅಧಿಕಾರಿಯೊಬ್ಬ ಈ ಸಂಗತಿಯನ್ನು ಅಲ್ಲಿಯ ಬಾಗಿಲ ಕಲ್ಲಿನ ಮೇಲೆಯೇ ಬರೆಸಿಟ್ಟಿದ್ದಾನೆ. 1556ರಲ್ಲಿ ಬಂದ ಭೂಕಂಪ ಮಾತ್ರ ಕಥೆಯಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಿನ ದಾಖಲೆಗಳು ಹೇಳುತ್ತವೆ. ಗೋಪುರ ತುದಿಯ ಎರಡು ಅಂತಸ್ತುಗಳನ್ನು ಕಳೆದುಕೊಂಡು, ಉಳಿದದ್ದನ್ನು ಹಿಡಿದು ನಿಂತಿತು.

ಇಲ್ಲಿ ಕುಳಿತು ಕೆಲಸ ಮಾಡಿದವನು ಇತ್ಸಿಂಗ್. 671ರಲ್ಲಿ ಸಮುದ್ರಮಾರ್ಗವಾಗಿ ಹೊರಟು, ಸುಮಾತ್ರದಲ್ಲಿ ಸಂಸ್ಕೃತ ವ್ಯಾಕರಣ ಕಲಿತು, ನಳಂದದಲ್ಲಿ ಹತ್ತು ವರ್ಷ ಇದ್ದು, ನಾಲ್ಕುನೂರರಷ್ಟು ಗ್ರಂಥಗಳೊಡನೆ 695ರಲ್ಲಿ ಲುವೋಯಾಂಗಿಗೆ ಹಿಂದಿರುಗಿದವನು. ಹಿಂದಿರುಗುವ ದಾರಿಯಲ್ಲಿ ಅವನು ಮತ್ತೆ ಸುಮಾತ್ರದಲ್ಲಿ ನಿಂತು ಬರೆಯುತ್ತಿದ್ದಾಗ ಕಾಗದವೂ ಮಸಿಯೂ ಮುಗಿದುವು. ಕಾಂಟನ್ನಿನಿಂದ ಅವನ್ನು ಕಳುಹಿಸಿರೆಂದು ಕಾಗದ ಕೊಡಲು 689ರಲ್ಲಿ ಹಡಗು ಹತ್ತಿದ. ಅಷ್ಟರಲ್ಲಿ ಗಾಳಿ ಅನುಕೂಲವಾಗಿ ಹಡಗು ಹಾಯಿ ಬಿಚ್ಚಿ ಹೊರಟೇಹೋಯಿತು. ಗ್ರಂಥಗಳೆಲ್ಲ ದಡದಲ್ಲಿ, ಪಂಡಿತ ನಡುಗಡಲಲ್ಲಿ! ಕಾಂಟನ್ನಿನಲ್ಲಿ ಇಳಿದು, ಸಹಾಯಕರನ್ನು ಕೂಡಿಸಿಕೊಂಡು ಅದೇ ವರ್ಷ ಮತ್ತೆ ಸಮುದ್ರ ದಾಟಿ ತನ್ನ ಗ್ರಂಥಗಳ ಬಳಿಗೆ ಬಂದ. ನಮ್ಮ ದೇಶದ ಮಕ್ಕಳು ಓದು ಕಲಿಯುತ್ತಿದ್ದ ಕ್ರಮವನ್ನು ಇವನಷ್ಟು ವಿವರವಾಗಿ ಆ ಕಾಲದಲ್ಲಿ ಬರೆದವರು ಇನ್ನೊಬ್ಬರಿಲ್ಲ. ಆರನೆಯ ವಯಸ್ಸಿಗೆ 'ಸಿದ್ಧಂ' ಎಂದು ಅಕ್ಷರಾರಂಭ, ಆರು ತಿಂಗಳಲ್ಲಿ ಮುಕ್ತಾಯ. ಎಂಟನೆಯ ವಯಸ್ಸಿಗೆ ಪಾಣಿನಿಯ ಸೂತ್ರಗಳು, ಎಂಟು ತಿಂಗಳಲ್ಲಿ ಬಾಯಿಪಾಠ. ಹದಿನೈದಕ್ಕೆ ವೃತ್ತಿ, ಐದು ವರ್ಷ ದುಡಿಮೆ. ಇಷ್ಟನ್ನು ಓದಿದ ಮೇಲೆ ನಮ್ಮ ವಿದ್ಯಾರ್ಥಿಗಳ ಮುಂದೆ ಕೇಶಿರಾಜನನ್ನು ಇಡಲು ಅಂಜುವ ಅಧ್ಯಾಪಕರ ಬಗ್ಗೆ ನನಗೆ ಸ್ವಲ್ಪ ಮರುಕವಾಗುತ್ತದೆ.

ಇನ್ನೂ ದಕ್ಷಿಣಕ್ಕೆ, ಅಂಗಡಿ ಮುಂಗಟ್ಟುಗಳ ಗದ್ದಲದ ಹಿಂದೆ, ದಾಶಿಂಗ್‌ಶಾನ್ ಎಂಬ ವಿಹಾರವಿದೆ. ಹೊರಗೆ ಹೊಸ ಪೇಟೆ, ಒಳಗೆ ಊದುಬತ್ತಿಯ ಹೊಗೆ. ಈಗಿನ ಕಟ್ಟಡಗಳು ಮಿಂಗ್, ಚಿಂಗ್ ಕಾಲದವು ಮತ್ತು ಆಮೇಲಿನವು. ತಾಂಗ್ ಕಾಲದ್ದೇನೂ ಕಾಣಿಸದು. ಆದರೆ ಎಂಟನೆಯ ಶತಮಾನದಲ್ಲಿ ಭಾರತದಿಂದ ಹೋದ ಶುಭಾಕರಸಿಂಹ, ದಕ್ಷಿಣ ಭಾರತದವನೆಂದು ಚೀನೀ ಚರಿತ್ರೆಗಳು ಹೇಳುವ ವಜ್ರಬೋಧಿ, ಅವನ ಶಿಷ್ಯ ಅಮೋಘವಜ್ರ — ಈ ಮೂವರ ಹೆಸರಿನೊಡನೆ ಸೇರಿಕೊಂಡ ಸ್ಥಳ ಇದು. ಬೇಲಿನ್‌ನಲ್ಲಿ ನೋಡಿದ ಅಮೋಘವಜ್ರನ ಸ್ಮಾರಕಶಿಲೆ ಮೊದಲು ನಿಂತಿದ್ದುದು ಇಲ್ಲಿಯೇ. ಇವರ ಕೆಲಸದಲ್ಲಿ ಒಂದು ವಿಚಿತ್ರವುಂಟು. ಮಂತ್ರಗಳನ್ನು ಇವರು ಭಾಷಾಂತರಿಸಲಿಲ್ಲ. ಧ್ವನಿಯನ್ನು ಮಾತ್ರ ಚೀನೀ ಅಕ್ಷರಗಳಲ್ಲಿ ಹಿಡಿದಿಟ್ಟರು. ಚಿತ್ರಲಿಪಿಯಲ್ಲಿ ಸಂಸ್ಕೃತದ ಒತ್ತಕ್ಷರಗಳನ್ನು ಹಿಡಿಯುವುದು ಬುಟ್ಟಿಯಲ್ಲಿ ನೀರು ಹಿಡಿದಂತೆ. ಅದನ್ನೂ ಮಾಡಿದರು. ಅಮೋಘವಜ್ರನ ಶಿಷ್ಯ ಹುಯಿಗುವೊ. ಅವನ ಶಿಷ್ಯ ಜಪಾನಿನ ಕೂಕಾಯ್. ಈ ಗುರುಶಿಷ್ಯರು 805ರಲ್ಲಿ ಸಂಧಿಸಿದ ಚಿಂಗ್‌ಲುಂಗ್ ವಿಹಾರ ಊರಿನ ಆಗ್ನೇಯ ದಿಕ್ಕಿನ ದಿಬ್ಬದ ಮೇಲಿದೆ. ಇಂದು ಅಲ್ಲಿ ಜಪಾನೀಯರು ಕಟ್ಟಿಸಿದ ಸ್ಮಾರಕವೂ ಚೆರಿ ಗಿಡಗಳೂ ಇವೆ. ಇದೇ ಕೂಕಾಯನಿಗೆ ಸಂಸ್ಕೃತ ಕಲಿಸಿದವನು ಮೇಲೆ ಹೇಳಿದ ಪ್ರಜ್ಞ. ಸಿದ್ಧಂ ಅಕ್ಷರಗಳ ಅಧ್ಯಯನ ಹೀಗೆ ಜಪಾನಿಗೆ ಹೋದದ್ದರಿಂದಲೇ ಜಪಾನೀ ಮಗು ಇಂದಿಗೂ ತನ್ನ ವರ್ಣಮಾಲೆಯನ್ನು ಅ, ಇ, ಉ, ಎ, ಒ ಎಂದು ಆರಂಭಿಸಿ, ಸ್ವರಗಳಾದ ಮೇಲೆ ಕಕಾರದಿಂದ ಮುಂದುವರಿಸುತ್ತದೆ. ನಮ್ಮ ಕೂಲಿಮಠದ ಮರಳಿನ ಮೇಲೆ ಬರೆದ ಕ್ರಮಕ್ಕೂ ಇದಕ್ಕೂ ಮೂಲ ಒಂದೇ.

ಈಗ ದೊಡ್ಡ ಹಂಸಗೋಪುರಕ್ಕೆ ಬರೋಣ. ಇದು ಅಪ್ರಸಿದ್ಧ ಸ್ಥಳವಲ್ಲ. ರಾತ್ರಿ ಕಾರಂಜಿ, ಬಣ್ಣದ ದೀಪ, ಸಂಗೀತ, ಏನೇನೋ ಇವೆ. ಆದರೆ ಇಲ್ಲಿಯೂ ಯಾರೂ ನಿಂತು ನೋಡದ ಒಂದು ಕಲ್ಲಿದೆ. 652ರಲ್ಲಿ ಹ್ಯೂಯೆನ್‌ತ್ಸಾಂಗ್ ತನ್ನ ಗ್ರಂಥಗಳನ್ನು ಬೆಂಕಿಯಿಂದ ಕಾಪಾಡಲೆಂದು ಕಟ್ಟಿಸಿದ ಗೋಪುರ ಅರ್ಧ ಶತಮಾನದಲ್ಲಿಯೇ ಶಿಥಿಲವಾಗಿ, ಎಂಟನೆಯ ಶತಮಾನದ ಆರಂಭದಲ್ಲಿ ಮತ್ತೆ ಕಟ್ಟಲಾಯಿತು. ಅದರ ಪಶ್ಚಿಮ ಬಾಗಿಲಿನ ನೆತ್ತಿಯ ಕಲ್ಲಿನಲ್ಲಿ ಸೂಕ್ಷ್ಮರೇಖೆಗಳ ಚಿತ್ರವೊಂದಿದೆ: ಬುದ್ಧ ಉಪದೇಶಿಸುತ್ತಿರುವ ಒಂದು ಮರದ ಮಂಟಪ. ಕಂಬ, ಬೋದಿಗೆ, ತೊಲೆ, ಹೆಂಚು ಎಲ್ಲವನ್ನೂ ಶಿಲ್ಪಿ ಅಳತೆ ತಪ್ಪದೆ ಗೆರೆಯಲ್ಲಿ ತೋರಿಸಿದ್ದಾನೆ. ಚೀನೀ ವಾಸ್ತುಶಿಲ್ಪದ ಇತಿಹಾಸಕಾರ ಲಿಯಾಂಗ್ ಸಿಚೆಂಗ್, ತಾಂಗ್ ಕಾಲದ ಮರದ ಕಟ್ಟಡವೊಂದೂ ಕೈಗೆ ಸಿಗದಿದ್ದ ಕಾಲದಲ್ಲಿ, ಅದು ಹೇಗಿತ್ತೆಂದು ಊಹಿಸಲು ಆಧಾರ ಮಾಡಿಕೊಂಡದ್ದು ಈ ಗೆರೆಗಳನ್ನು. ಹೊಳೆಯಲ್ಲಿ ತೇಲಿಹೋದ ಊರಿನ ನಕ್ಷೆ ಬಾಗಿಲ ಕಲ್ಲಿನಲ್ಲಿ ಉಳಿದಿತ್ತು.

ಹ್ಯೂಯೆನ್‌ತ್ಸಾಂಗ್ ತಂದದ್ದು 657 ಗ್ರಂಥಗಳು, ಇಪ್ಪತ್ತು ಕುದುರೆಗಳ ಹೊರೆ. ಭಾಷಾಂತರಿಸಿದ್ದು 75, ಸಂಪುಟಗಳ ಲೆಕ್ಕದಲ್ಲಿ 1,335. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಅರಮನೆಯ ಆಶ್ರಯದಲ್ಲಿ ಅವನದೊಂದು ಭಾಷಾಂತರಶಾಲೆ. ಮೂಲವನ್ನು ಓದಿ ಹೇಳುವವನು, ಬರೆದುಕೊಳ್ಳುವವನು, ಅರ್ಥ ಸರಿಯೇ ಎಂದು ನೋಡುವವನು, ಸಂಸ್ಕೃತದ ಶಬ್ದವನ್ನು ಒರೆಗೆ ಹಚ್ಚುವವನು, ಶೈಲಿಯನ್ನು ತಿದ್ದುವವನು — ಹೀಗೆ ಕೆಲಸ ಹಂಚಿಕೆಯಾಗಿತ್ತು. ಅವನ ಪ್ರವಾಸಗ್ರಂಥ 646ರಲ್ಲಿ ಸಿದ್ಧವಾದುದೂ ಹೀಗೆಯೇ. ಅವನು ಹೇಳಿದ, ಬಿಯಾನ್‌ಜಿ ಎಂಬ ತರುಣ ಭಿಕ್ಷು ಬರೆದ.

ಆ ಗ್ರಂಥದಲ್ಲಿ ನಮ್ಮವನೊಬ್ಬನಿದ್ದಾನೆ. ಮಹಾರಾಷ್ಟ್ರ ಎಂದು ಹೆಸರಿಸಿದ ರಾಜ್ಯದ ದೊರೆಯನ್ನು ನಾಲ್ಕು ಚೀನೀ ಅಕ್ಷರಗಳಲ್ಲಿ ಅವನು ಬರೆದಿದ್ದಾನೆ. ನಮ್ಮ ಚರಿತ್ರೆಯ ಪುಸ್ತಕಗಳು ಅದನ್ನು ಪು-ಲೊ-ಕಿ-ಶೆ ಎಂದು ಓದುತ್ತವೆ. ಇಮ್ಮಡಿ ಪುಲಕೇಶಿ. ಅವನ ಪ್ರಜೆಗಳು ಉಪಕಾರವನ್ನು ಮರೆಯದವರು, ಅಪಕಾರವನ್ನು ಮನ್ನಿಸದವರು. ಸೋತು ಬಂದ ಸೇನಾನಿಗೆ ಶಿಕ್ಷೆಯಿಲ್ಲ, ಹೆಂಗಸಿನ ಉಡುಗೆ ಕೊಡುತ್ತಾರೆ. ಯುದ್ಧಕ್ಕೆ ಮುನ್ನ ಆನೆಗಳಿಗೂ ಮದ್ಯ ಕುಡಿಸುತ್ತಾರೆ. ಪೂರ್ವಪಶ್ಚಿಮಗಳನ್ನು ಗೆದ್ದ ಹರ್ಷನಿಗೆ ಈ ಜನ ಮಾತ್ರ ಮಣಿಯಲಿಲ್ಲ. ಹರ್ಷನ ಸೋಲನ್ನು ಐಹೊಳೆಯ ಶಾಸನದಲ್ಲಿ ರವಿಕೀರ್ತಿಯೂ ಹೇಳುತ್ತಾನೆ, 634ರಲ್ಲಿ. ಆದರೆ ರವಿಕೀರ್ತಿ ಆಸ್ಥಾನಕವಿ. ತನ್ನ ದೊರೆಯನ್ನು ಹೊಗಳುವುದು ಅವನ ಧರ್ಮ. ಹ್ಯೂಯೆನ್‌ತ್ಸಾಂಗನಾದರೋ ಹರ್ಷನ ಅತಿಥಿ, ಹರ್ಷನ ಅಭಿಮಾನಿ. ಅವನೂ ಅದನ್ನೇ ಹೇಳಿದಾಗ ಮಾತಿಗೆ ತೂಕ ಬೇರೆಯಾಗುತ್ತದೆ. ಇನ್ನೊಂದು ಮಾತು. ಅವನು ಆ ರಾಜ್ಯಕ್ಕೆ ಬಂದದ್ದು ಸುಮಾರು 641ರಲ್ಲಿ. ಮರುವರ್ಷವೇ ಪಲ್ಲವರು ಬಾದಾಮಿಯನ್ನು ಹಿಡಿದರು, ಪುಲಕೇಶಿ ಮಡಿದ. ಚಾಂಗ್‌ಆನಿನಲ್ಲಿ ಬಿಯಾನ್‌ಜಿ ಕುಂಚವನ್ನು ಮಸಿಯಲ್ಲಿ ಅದ್ದಿ ಆ ನಾಲ್ಕು ಅಕ್ಷರಗಳನ್ನು ಬರೆಯುವ ಹೊತ್ತಿಗೆ ಆ ದೊರೆ ಇರಲಿಲ್ಲ, ಅವನ ರಾಜಧಾನಿ ಶತ್ರುಗಳ ಕೈಯಲ್ಲಿತ್ತು. ಚೀನೀ ಕಾಗದದ ಮೇಲೆ ಮಾತ್ರ ಅವನಿನ್ನೂ ಆಳುತ್ತಿದ್ದ.

ಭಾಷಾಂತರಶಾಲೆಗೆ ಮರಳೋಣ. ಯಾವ ಶಬ್ದವನ್ನು ಭಾಷಾಂತರಿಸಬಾರದು ಎಂಬುದಕ್ಕೆ ಹ್ಯೂಯೆನ್‌ತ್ಸಾಂಗ್ ಐದು ನಿಯಮಗಳನ್ನು ಮಾಡಿದ್ದನಂತೆ. ಹನ್ನೆರಡನೆಯ ಶತಮಾನದ ನಿಘಂಟೊಂದರ ಮುನ್ನುಡಿ ಅವನ್ನು ಉಳಿಸಿಕೊಟ್ಟಿದೆ. ರಹಸ್ಯವಾದದ್ದನ್ನು ಮುಟ್ಟಬಾರದು, ಧಾರಣಿ, ಮಂತ್ರ ಇಂಥವು. ಹಲವು ಅರ್ಥಗಳಿರುವುದನ್ನು ಮುಟ್ಟಬಾರದು. 'ಭಗವಾನ್' ಎಂಬುದಕ್ಕೆ ಆರು ಅರ್ಥ, ಯಾವುದನ್ನು ಆರಿಸಿದರೂ ಐದು ನಷ್ಟ. ಚೀನಾದಲ್ಲಿ ಇಲ್ಲದ್ದನ್ನು ಹಾಗೆಯೇ ಬಿಡಬೇಕು. ಜಂಬೂವೃಕ್ಷಕ್ಕೆ ಅಲ್ಲಿ ಹೆಸರೆಲ್ಲಿಂದ ಬರಬೇಕು? ಹಿಂದಿನವರು ರೂಢಿಯಲ್ಲಿಟ್ಟದ್ದನ್ನು ಕೆಡಿಸಬಾರದು. ಐದನೆಯದು ನನಗೆ ಎಲ್ಲಕ್ಕಿಂತ ಹಿಡಿಸಿದ್ದು: ಅನುವಾದಿಸಿದರೆ ಹಗುರಾಗುವ ಮಾತನ್ನು ಅನುವಾದಿಸಬಾರದು. 'ಪ್ರಜ್ಞಾ' ಎಂಬಲ್ಲಿ ಚೀನೀ ಭಾಷೆಯ 'ಜಾಣ್ಮೆ'ಯನ್ನು ಹಾಕಿದರೆ ಕೇಳುವವನಿಗೆ ಗೌರವ ಹುಟ್ಟದು.

ತತ್ಸಮ ತದ್ಭವಗಳ ಚರ್ಚೆಯಲ್ಲಿ ಬೆಳೆದ ಕನ್ನಡಿಗರಿಗೆ ಇದು ಪರಕೀಯವಾದ ಸಮಸ್ಯೆಯಲ್ಲ. ನಾವೂ ಬಂದ ಶಬ್ದಗಳನ್ನು ಕೆಲವೆಡೆ ಹಾಗೆಯೇ ಕೂರಿಸಿದೆವು, ಕೆಲವೆಡೆ ನಮ್ಮ ನಾಲಗೆಗೆ ಒಗ್ಗಿಸಿ ವಸತಿಯನ್ನು ಬಸದಿ ಮಾಡಿದೆವು. ಚೀನೀಯರೂ ಧ್ಯಾನವನ್ನು 'ಚಾನ್' ಮಾಡಿಕೊಂಡರು. ಅದು ಜಪಾನಿಗೆ ಹೋಗಿ 'ಝೆನ್' ಆಯಿತು. ಆದರೆ ನಮ್ಮ ಲಿಪಿ ಸಂಸ್ಕೃತದ ಧ್ವನಿಗೆ ಸಿದ್ಧವಾಗಿತ್ತು, ಅವರದು ಅಲ್ಲ. ನಮಗೆ ಸುಲಭವಾಗಿ ದಕ್ಕಿದ್ದಕ್ಕಾಗಿ ಅವರು ಪ್ರತಿ ಶಬ್ದಕ್ಕೂ ತಲೆ ಕೆಡಿಸಿಕೊಳ್ಳಬೇಕಾಯಿತು. ಆ ಕಷ್ಟವೇ ಅವರನ್ನು ಭಾಷಾಂತರದ ತತ್ತ್ವವನ್ನು ಯೋಚಿಸುವಂತೆ ಮಾಡಿತೆಂದು ನನಗೆ ತೋರುತ್ತದೆ.

ಎದುರು ದಿಕ್ಕಿನ ಭಾಷಾಂತರವೂ ಒಮ್ಮೆ ನಡೆಯಿತು. 647ರಲ್ಲಿ, ಕಾಮರೂಪದ ಅರಸನಿಗೆ ಬೇಕೆಂದು, ಲಾವೋತ್ಸೆಯ ಗ್ರಂಥವನ್ನು ಸಂಸ್ಕೃತಕ್ಕೆ ತಿರುಗಿಸುವಂತೆ ಚಕ್ರವರ್ತಿಯ ಅಪ್ಪಣೆಯಾಯಿತು. ತಾವೋ ಪಂಥದ ಪಂಡಿತರೊಡನೆ ಹ್ಯೂಯೆನ್‌ತ್ಸಾಂಗ್ ಕುಳಿತ. ಮೊದಲ ಶಬ್ದದಲ್ಲಿಯೇ ಜಗಳ. 'ತಾವೋ' ಎಂಬುದನ್ನು 'ಬೋಧಿ' ಎನ್ನಬೇಕೆಂದು ಆ ಪಂಡಿತರ ಹಟ. ಹಳೆಯ ಭಾಷಾಂತರಗಳಲ್ಲಿ ಬೋಧಿಗೆ ತಾವೋ ಎಂದು ಹಾಕಿದ್ದುಂಟು. ಹ್ಯೂಯೆನ್‌ತ್ಸಾಂಗ್ ಒಪ್ಪಲಿಲ್ಲ. ಬೋಧಿ ಎಂದರೆ ಅರಿವು, ತಾವೋ ಎಂದರೆ ದಾರಿ. 'ಮಾರ್ಗ' ಎಂದೇ ಆಗಬೇಕೆಂದ. ಆ ಸಂಸ್ಕೃತ ಅನುವಾದ ಉಳಿದುಬಂದಿಲ್ಲ, ಜಗಳದ ವರದಿ ಉಳಿದಿದೆ. ಎರಡು ಶತಮಾನಗಳ ತರುವಾಯ ನಮ್ಮಲ್ಲಿ ಕವಿರಾಜರ ದಾರಿಗೂ ಇದೇ ಶಬ್ದ ಬಂತು. ಸಂಬಂಧ ಕಲ್ಪಿಸಲು ನಾನು ಹೇಳುತ್ತಿಲ್ಲ, ಶಬ್ದದ ಪರಿಚಯ ಹೇಳಿದೆ ಅಷ್ಟೆ.

ಊರಿನ ಅಂಚಿನ ಎರಡು ಸ್ಥಳಗಳನ್ನು ಹೇಳಿ ಮುಗಿಸುತ್ತೇನೆ. ಇವಕ್ಕೆ ವಾಹನದಲ್ಲಿ ಹೋಗಿ, ಉಳಿದ ದಾರಿ ನಡೆಯಬೇಕು.

ನೈರುತ್ಯಕ್ಕೆ, ಬೆಟ್ಟಗಳ ತಪ್ಪಲಿನಲ್ಲಿ ಸಾವ್‌ತಾಂಗ್ ವಿಹಾರ. 'ಹುಲ್ಲಿನ ಚಾವಡಿ' ಎಂದು ಅರ್ಥ. ಇದು ಕುಮಾರಜೀವನ ಸ್ಥಳ. ತಂದೆ ಭಾರತದವನು, ತಾಯಿ ಮಧ್ಯ ಏಷ್ಯದ ಕೂಚಾ ರಾಜ್ಯದ ರಾಜಕುಮಾರಿ. ಯುದ್ಧದಲ್ಲಿ ಸೆರೆಯಾಗಿ, ಬಹುಕಾಲ ಗಡಿನಾಡಿನಲ್ಲಿ ಉಳಿದು, 401ರಲ್ಲಿ ಚಾಂಗ್‌ಆನಿಗೆ ಬಂದ. ಅಲ್ಲಿ ಸುಮಾರು ಎರಡು ಮೀಟರು ಎತ್ತರದ, ಬಣ್ಣಬಣ್ಣದ ಅಮೃತಶಿಲೆಗಳ ಚಿಕ್ಕ ಸ್ತೂಪವೊಂದನ್ನು ಅವನ ಹೆಸರಿನಲ್ಲಿ ಕಾಪಾಡಿದ್ದಾರೆ. ಭಾಷಾಂತರವೆಂದರೆ ಅನ್ನವನ್ನು ಅಗಿದು ಇನ್ನೊಬ್ಬರ ಬಾಯಿಗೆ ಹಾಕಿದಂತೆ, ರುಚಿ ಹೋಗುವುದಲ್ಲದೆ ವಾಕರಿಕೆ ಬರುತ್ತದೆ ಎಂಬ ಅರ್ಥದ ಮಾತು ಇವನದು. ಹೀಗೆ ಹೇಳಿದವನೇ ಚೀನೀಯರಿಗೆ ಅತ್ಯಂತ ರುಚಿಯಾದ ಅನ್ನವನ್ನು ಬಡಿಸಿದ. ಸದ್ಧರ್ಮಪುಂಡರೀಕದ ಒಂದು ಕಡೆ ಹಿಂದಿನ ಭಾಷಾಂತರದಲ್ಲಿ, ದೇವತೆಗಳು ಮನುಷ್ಯರನ್ನು ನೋಡುತ್ತಾರೆ, ಮನುಷ್ಯರು ದೇವತೆಗಳನ್ನು ನೋಡುತ್ತಾರೆ ಎಂದಿತ್ತು. ಅರ್ಥ ಸರಿ, ಮಾತು ಒರಟು ಎಂದು ಕುಮಾರಜೀವ ನಿಂತುಬಿಟ್ಟ. ಶಿಷ್ಯ ಸೆಂಗ್‌ರುಯಿ, ದೇವಮಾನವರು ಕೂಡಿ ಪರಸ್ಪರ ಕಾಣುವರು ಎಂಬ ಭಾವದ ಚಿಕ್ಕ ಪದಪುಂಜವನ್ನು ಸೂಚಿಸಿದ, ಗುರುವಿಗೆ ಸಂತೋಷವಾಯಿತು.

ಹ್ಯೂಯೆನ್‌ತ್ಸಾಂಗನಿಗೆ ಇವನ ಕೆಲಸ ತೃಪ್ತಿ ಕೊಡಲಿಲ್ಲ. ಬಿಟ್ಟದ್ದು, ಕೂಡಿಸಿದ್ದು ಬಹಳವೆಂದು ತಾನು ಮತ್ತೆ ಮಾಡಿದ. ವಿದ್ವಾಂಸರು ಇಂದಿಗೂ ಹ್ಯೂಯೆನ್‌ತ್ಸಾಂಗನ ನಿಷ್ಠೆಯನ್ನು ಮೆಚ್ಚುತ್ತಾರೆ. ಆದರೆ ವಿಹಾರಗಳಲ್ಲಿ ಪಠಿಸುವುದು, ಪ್ರಜ್ಞಾಪಾರಮಿತಾಹೃದಯದಂಥ ಒಂದೆರಡನ್ನು ಬಿಟ್ಟರೆ, ಬಹುಮಟ್ಟಿಗೆ ಕುಮಾರಜೀವನ ವಾಕ್ಯಗಳನ್ನೇ. ಸರಿಯಾದದ್ದು ಕಪಾಟಿನಲ್ಲಿ, ಇಂಪಾದದ್ದು ನಾಲಗೆಯ ಮೇಲೆ. ಮೂವತ್ತು ವರ್ಷ ತರಗತಿಯಲ್ಲಿ ನಾನು ಮೊದಲನೆಯ ಪಕ್ಷವನ್ನು ವಾದಿಸಿದವನು. ಈಗಲೂ ಅದನ್ನು ಬಿಟ್ಟಿಲ್ಲ. ಆದರೂ ಆ ಚಾವಡಿಯಲ್ಲಿ ಪಠಣ ಕೇಳುತ್ತ ಕುಳಿತಾಗ ಎರಡನೆಯ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ವಕೀಲರು ಸಿಗಲಾರರೆನಿಸಿತು.

ಇನ್ನೊಂದು ಸ್ಥಳ ಆಗ್ನೇಯದ ಎತ್ತರದ ಬಯಲಿನಲ್ಲಿರುವ ಶಿಂಗ್‌ಜಿಯಾವ್ ವಿಹಾರ. ಅಂಗಳದಿಂದ ದಕ್ಷಿಣಕ್ಕೆ ನೋಡಿದರೆ ಕಣಿವೆ, ಹೊಲಗಳು, ಆಚೆ ಜೋಂಗ್‌ನಾನ್ ಬೆಟ್ಟಗಳು. 669ರಲ್ಲಿ ಹ್ಯೂಯೆನ್‌ತ್ಸಾಂಗನ ಅವಶೇಷಗಳನ್ನು ಬೇರೆ ಕಡೆಯಿಂದ ತಂದು ಇಲ್ಲಿಟ್ಟರು. ಮೂರು ಇಟ್ಟಿಗೆ ಗೋಪುರಗಳು: ನಡುವೆ ಗುರುವಿನದು, ಐದಂತಸ್ತು, 21 ಮೀಟರು, ಎರಡೂ ಬದಿಗೆ ಶಿಷ್ಯರವು, ಮೂರಂತಸ್ತಿನವು. 2013ರಲ್ಲಿ, ಈ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸುವ ಸಿದ್ಧತೆಯ ಹೆಸರಿನಲ್ಲಿ, ಗೋಪುರಗಳನ್ನು ಉಳಿಸಿ ಸುತ್ತಲಿನ ಈಚಿನ ಕಟ್ಟಡಗಳಲ್ಲಿ ಬಹುಭಾಗವನ್ನು ಕೆಡವುವ ಪ್ರಸ್ತಾಪ ಬಂದಿತ್ತು. ಕೆಡವಲಿದ್ದವುಗಳಲ್ಲಿ ಭಿಕ್ಷುಗಳು ವಾಸಮಾಡುವ, ಉಣ್ಣುವ ಕಟ್ಟಡಗಳೂ ಇದ್ದುವು. ದೇಶದ ತುಂಬ ಪ್ರತಿಭಟನೆಯಾಗಿ ಪ್ರಸ್ತಾಪ ನಿಂತಿತು. 2014ರಲ್ಲಿ ಸ್ಥಳ ಪಟ್ಟಿಗೆ ಸೇರಿತು, ಭಿಕ್ಷುಗಳೂ ಉಳಿದರು. ಪರಂಪರೆಯನ್ನು ಕಾಪಾಡಲು ಅದನ್ನು ಬಾಳುತ್ತಿರುವವರನ್ನೇ ಎಬ್ಬಿಸುವ ಜಾಣತನ ಅವರಲ್ಲಿ ಮಾತ್ರ ಇದೆಯೆಂದು ನಾವು ನಗುವ ಹಾಗಿಲ್ಲ.

ಆ ಇಬ್ಬರು ಶಿಷ್ಯರಲ್ಲಿ ಕುಯಿಜಿ ಚೀನೀಯ, ಸೇನಾನಿಗಳ ಮನೆತನದವನು. ಇನ್ನೊಬ್ಬ ವೊನ್‌ಚುಕ್, ಕೊರಿಯಾದ ಸಿಲ್ಲಾ ರಾಜ್ಯದವನು. ಇವನು ಕಾವಲುಗಾರನಿಗೆ ಲಂಚ ಕೊಟ್ಟು, ಗುರು ಕುಯಿಜಿಗೆಂದು ಹೇಳುತ್ತಿದ್ದ ಪಾಠವನ್ನು ಮರೆಯಲ್ಲಿ ಕದ್ದು ಕೇಳಿದನೆಂದು ಹಳೆಯ ಚರಿತ್ರೆಯೊಂದು ಆಪಾದಿಸುತ್ತದೆ. ಪ್ರತಿಪಕ್ಷದವರು ಹುಟ್ಟಿಸಿದ ಮಾತಿರಬೇಕೆಂದು ಇಂದಿನ ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಪಾಂಡಿತ್ಯವಿದ್ದಲ್ಲಿ ಮತ್ಸರ, ಯಾವ ದೇಶವಾದರೇನು. ಅಂತೂ 1115ರಲ್ಲಿ ವೊನ್‌ಚುಕ್‌ನ ಅವಶೇಷವನ್ನೂ ಇಲ್ಲಿಗೆ ತಂದು ಗುರುವಿನ ಮಗ್ಗುಲಲ್ಲಿಟ್ಟರು. ಇವನು ಸಂಧಿನಿರ್ಮೋಚನ ಸೂತ್ರಕ್ಕೆ ಚೀನೀ ಭಾಷೆಯಲ್ಲಿ ಹತ್ತು ಸಂಪುಟಗಳ ವ್ಯಾಖ್ಯಾನ ಬರೆದ. ಆ ಸೂತ್ರದ ಸಂಸ್ಕೃತ ಮೂಲ ನಮ್ಮ ದೇಶದಲ್ಲಿ ಕಳೆದುಹೋಯಿತು. ಚೀನೀ ಮತ್ತು ಟಿಬೆಟನ್ ಅನುವಾದಗಳು ಉಳಿದಿವೆ. ವ್ಯಾಖ್ಯಾನದ ಕಡೆಯ ಭಾಗ ಚೀನಾದಲ್ಲಿ ಕಳೆದುಹೋಯಿತು. ಆದರೆ ಅದಕ್ಕೆ ಮೊದಲೇ, ಒಂಬತ್ತನೆಯ ಶತಮಾನದಲ್ಲಿ, ದುನ್‌ಹುವಾಂಗ್ ಕಡೆಯಲ್ಲಿದ್ದ ಭಾಷಾಂತರಕಾರನೊಬ್ಬ ಇಡೀ ವ್ಯಾಖ್ಯಾನವನ್ನು ಟಿಬೆಟನ್ ಭಾಷೆಗೆ ಮಾಡಿಟ್ಟಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಒಬ್ಬ ವಿದ್ವಾಂಸನೂ ಚೀನಾದ ಒಬ್ಬ ಭಿಕ್ಷುವೂ ಆ ಟಿಬೆಟನ್ ಅನುವಾದದಿಂದ ಕಳೆದ ಭಾಗವನ್ನು ಮತ್ತೆ ಚೀನೀ ಭಾಷೆಗೆ ತಂದುಕೊಂಡರು.